ಕೂರಬಾರದ ಅಂಗಡಿಯಲ್ಲಿ ಒಂದು ಮೊಲ

ನಮ್ಮ ಅಂಗಡಿಯಲ್ಲಿ ಕೆಲಸದವರು ಕೂರುವ ಹಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಗೊತ್ತಿಲ್ಲದವರಿಗೆ ಪರದೆ ಮಾರುವ ನಮ್ಮ ಪರದೆ ಅಕ್ಕ ಮಾಡಿದ್ದರಲ್ಲಿ ಏನು ಮಹಾ ಇದೆ ಅನ್ನಿಸೀತು, ಹಾಗೆ ಅನ್ನಿಸಿದವರ ಮೇಲೆ ನನಗೆ ಸಿಟ್ಟು ಬಂದೀತು, ಸುಮ್ಮನೆ ಇಬ್ಬರಿಗೂ ತೊಂದರೆ.

ಬಟ್ಟೆ ಅಂಗಡಿ ಅದು, ದೊಡ್ಡದು. ಕೆಳಗೆ ಉಡುಪು. ಮೇಲಿನ ಅಂತಸ್ತಿನಲ್ಲಿ ಪರದೆ, ಹೊದಿಕೆ, ದಿಂಬಿನ ಚೀಲ, ಒಂದು ಮೂಲೆಯಲ್ಲಿ ನನ್ನ ದಾರ ಮತ್ತು ಗುಂಡಿ. ಬಾಗಿಲು ತೆಗೆದಾಗ ನಿಂತವರು ಬಾಗಿಲು ಹಾಕುವವರೆಗೆ ನಿಂತೇ ಇರಬೇಕು. ಗಿರಾಕಿ ಇರಲಿ, ಇಲ್ಲದಿರಲಿ. ಗೋಡೆಗೆ ಒರಗಿದರೂ ತಪ್ಪು. ಊಟವೂ ಹಿಂದಿನ ಮೆಟ್ಟಿಲ ಹತ್ತಿರ, ಡಬ್ಬಿ ಕೈಯಲ್ಲಿ ಹಿಡಿದು, ನಿಂತುಕೊಂಡೇ. ಇದನ್ನೆಲ್ಲ ಕಾಯುವುದಕ್ಕೆ ಒಬ್ಬ ಮೇಲ್ವಿಚಾರಕ. ಅವನ ಬೂಟು ನಡೆದಾಗಲೆಲ್ಲ ಕಿರ್ ಕಿರ್ ಅನ್ನುವುದರಿಂದ ನಾವು ಅವನಿಗೆ ಕಿರ್ರಣ್ಣ ಅಂತ ಹೆಸರಿಟ್ಟಿದ್ದೆವು. ಆ ಬೂಟು ಮಾಡಿದ ಪುಣ್ಯಾತ್ಮ ತಣ್ಣಗಿರಲಿ. ಸದ್ದು ಕೇಳದಿದ್ದಾಗ ನಾವು ಕೆಳಗಿನ ಕಪಾಟಿನಲ್ಲಿ ಏನೋ ಹುಡುಕುವ ನೆಪದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದೆವು. ಕಿರ್ ಅಂದ ತಕ್ಷಣ ಒಂದು ದಿಂಬಿನ ಚೀಲ ಹಿಡಿದು ಏಳುತ್ತಿದ್ದೆವು. ಕೆಳಗಿನ ಕಪಾಟು ಇಷ್ಟೊಂದು ಹುಡುಕಿಸಿಕೊಂಡ ಅಂಗಡಿ ಪ್ರಪಂಚದಲ್ಲಿ ಇನ್ನೊಂದು ಇರಲಾರದು.

ಪರದೆ ಅಕ್ಕ ಮಾತ್ರ ಒಮ್ಮೆಯೂ ಹಾಗೆ ಮಾಡಿದವಳಲ್ಲ. ನಿಲ್ಲುವುದು ಅವಳಿಗೆ ಒಂದು ಹೆಮ್ಮೆ. ನಾನು ಈ ಅಂಗಡಿಗೆ ಬರುವ ಎಷ್ಟೋ ವರ್ಷ ಮೊದಲಿನಿಂದ ಅವಳು ಪರದೆ ಬಿಚ್ಚಿ ತೋರಿಸುವ ಕಟ್ಟೆಯ ಹಿಂದೆ ನಿಂತಿದ್ದಾಳೆ. ಮೀನಖಂಡದಲ್ಲಿ ನರ ಗಂಟುಗಟ್ಟಿತ್ತು, ಹಿಮ್ಮಡಿ ಒಡೆದಿತ್ತು. ಮುಲಾಮು ಹಚ್ಚಿಕೊಳ್ಳೇ ಅಂದರೆ, ಒಡೆದ ಹಿಮ್ಮಡಿ ಇಲ್ಲದವಳು ದುಡಿದವಳೇ ಅಲ್ಲ ಅನ್ನುವ ಹಾಗೆ ನನ್ನನ್ನು ನೋಡುತ್ತಿದ್ದಳು.

ಬಟ್ಟೆಯ ವಿಷಯದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಗಿರಾಕಿಯ ಕೈ ಹಿಡಿದು ತಿರುಗಿಸಿ, ಹಿಂಗೈ ಮೇಲೆ ಬಟ್ಟೆ ಆಡಿಸುತ್ತಿದ್ದಳು. ಅಂಗೈ ಕೆಲಸ ಮಾಡಿ ದಡ್ಡಾಗಿರುತ್ತದೆ, ಹಿಂಗೈಯನ್ನು ಕೇಳಿ, ಅದು ಸುಳ್ಳು ಹೇಳಲ್ಲ ಎನ್ನುತ್ತಿದ್ದಳು. ಇಡೀ ಅಂತಸ್ತಿನವರು ಅವಳನ್ನು ನೋಡಿಯೇ ಅದನ್ನು ಕಲಿತಿದ್ದೆವು. ಅದೇ ಹಿಂಗೈ ಮೊಲದ ವಿಷಯದಲ್ಲಿ ಅವಳ ಮಾನ ಕಳೆಯಿತು.

ಮೊಲ ಅವಳದಲ್ಲ. ಅವಳ ಮನೆಯ ಮೇಲೆ ಬಾಡಿಗೆಗಿದ್ದವರು ಖಾಲಿ ಮಾಡುವಾಗ ಮುರಿದ ಕುರ್ಚಿ, ಒಡೆದ ಬಕೆಟ್ಟಿನ ಜೊತೆ ಅದನ್ನೂ ತಾರಸಿಯ ಮೇಲೆ ಬಿಟ್ಟು ಹೋಗಿದ್ದರು. ತಂತಿಯ ಗೂಡು, ತಳಕ್ಕೂ ತಂತಿಯೇ. ಅಕ್ಕ ಬಟ್ಟೆ ಒಣಹಾಕಲು ಹೋದವಳು ಗೂಡನ್ನು ಎತ್ತಿಕೊಂಡು ಇಳಿದಳು. ಕಂದು ಬಣ್ಣದ ದೊಡ್ಡ ಮೊಲ, ದಪ್ಪ ಹೊಟ್ಟೆ, ಹಿಂದಿನ ಎರಡೂ ಪಾದದ ಅಡಿಯಲ್ಲಿ ಕೂದಲು ಹೋಗಿ ಕೆಂಪು ಮಾಂಸ ಕಾಣುತ್ತಿತ್ತು. ಒಂದು ಕಾಲನ್ನು ಊರಲೇ ಆಗದೆ ಎತ್ತಿ ಎತ್ತಿ ಇಡುತ್ತಿತ್ತು. ಆದರೂ ಕೂತಿದ್ದ ಗತ್ತು ನೋಡಿ ಅಕ್ಕನ ಅತ್ತೆ ಅದಕ್ಕೆ ದೊರೆ ಅಂತ ಹೆಸರಿಟ್ಟರು. ಹೊಗಳಿಕೆಗಲ್ಲ. ನಮ್ಮ ಮನೇಲಿ ಕೂತು ತಿನ್ನೋಕೆ ಇನ್ನೊಬ್ಬ ದೊರೆ ಬಂದ ಅಂತ.

ಅಕ್ಕನ ಗಂಡ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಾನೆ, ಒಳ್ಳೆಯವನೇ. ಆದರೆ ಗೂಡು ನೋಡಿದವನೇ, ಬಿಟ್ಟು ಹೋದವರಿಗೆ ಇಲ್ಲದ ಉಸಾಬರಿ ನಮಗ್ಯಾಕೆ, ಎಲ್ಲಾದರೂ ತೋಟದ ಕಡೆ ಬಿಟ್ಟು ಬರುತ್ತೇನೆ ಅಂದನಂತೆ. ಕಾಲು ಊರಲಾಗದ್ದನ್ನು ತೋಟದಲ್ಲಿ ಬಿಟ್ಟರೆ ಅದು ಸಂಜೆಯೊಳಗೆ ನಾಯಿ ಬಾಯಿಗೆ ಅಂತ ಅಕ್ಕ ಹೇಳಿದಳು. ಅವನು ಮತ್ತೆ ಏನೋ ಅನ್ನಲು ಹೋದಾಗ ಅವಳು ಗೂಡನ್ನು ತಂದು ಅಡುಗೆಮನೆ ಬಾಗಿಲಲ್ಲೇ ಇಟ್ಟಳು. ಊಟ ಬೇಕಾದವರು ದೊರೆಯನ್ನು ದಾಟಿಕೊಂಡೇ ಹೋಗಬೇಕು. ಅಲ್ಲಿಗೆ ಆ ಮಾತು ಮುಗಿಯಿತು.

ಇನ್ನು ಅವಳು ಮಾಡಿದ ಎಡವಟ್ಟು. ತಂತಿ ಒತ್ತಿ ಕಾಲು ಹುಣ್ಣಾಗಿದೆ, ಮೆತ್ತಗಿನ ಹಾಸಿಗೆ ಬೇಕು, ಇಷ್ಟು ಯಾರಿಗಾದರೂ ಹೊಳೆಯುತ್ತದೆ. ಬೇರೆ ಯಾರಾದರೂ ಆಗಿದ್ದರೆ ಹಳೇ ಗೋಣಿಯನ್ನೋ ಹುಲ್ಲನ್ನೋ ಹಾಕುತ್ತಿದ್ದರು. ಇವಳು ಪರದೆ ಅಕ್ಕ. ಅಂಗಡಿಯಲ್ಲಿ ತುಂಡು ಬಟ್ಟೆಗಳ ರಾಶಿಯಿಂದ ಹಿಂಗೈ ಮೇಲೆ ಆಡಿಸಿ ಆಡಿಸಿ, ಎಲ್ಲಕ್ಕಿಂತ ನುಣುಪಾದ ಮಖಮಲ್ಲು ಆರಿಸಿಕೊಂಡು ಹೋದಳು. ಕಡುಗೆಂಪು ಮಖಮಲ್ಲು! ಅದನ್ನು ನಾಲ್ಕು ಪದರ ಮಡಿಸಿ, ಅಂಚು ಹೊಲಿದು, ದೊರೆಗೆ ಹಾಸಿದಳು. ಸಾಲದ್ದಕ್ಕೆ ಅದರದೇ ಎರಡು ಕಾಲುಚೀಲ ಹೊಲಿದು ತೊಡಿಸಿದಳು. ಗುಂಡಿ ಕೊಟ್ಟವಳು ನಾನೇ. ಬೆಳಗ್ಗೆ ಸಂಜೆ ಬಿಸಿನೀರಲ್ಲಿ ಕಾಲು ತೊಳೆಯುವುದು ಬೇರೆ. ಮೊಲಕ್ಕೆ ಇಂಥ ವೈಭೋಗ ಯಾವ ಅರಮನೆಯಲ್ಲೂ ಸಿಕ್ಕಿರಲಿಕ್ಕಿಲ್ಲ.

ಹುಣ್ಣು ಮಾತ್ರ ವಾಸಿಯಾಗುವ ಬದಲು ಹರಡಿತು. ದೊರೆ ಮೇವು ಬಿಟ್ಟಿತು. ಹಲ್ಲು ಕಟಕಟ ಕಡಿಯುತ್ತಾ ಮೂಲೆಯಲ್ಲಿ ಮುದುಡಿ ಕೂತಿತು. ಆಗ ಅಕ್ಕನಿಗೆ ಗಾಬರಿಯಾಗಿ, ವಾರದ ರಜೆಯ ದಿನ ನನ್ನನ್ನೂ ಎಳೆದುಕೊಂಡು ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಹೋದಳು.

ಡಾಕ್ಟರಮ್ಮ ನಿಧಾನದ ಹೆಂಗಸು. ಕಾಲುಚೀಲ ಬಿಚ್ಚಿ, ಮೂಗಿಗೆ ಹಿಡಿದು, ಮಖಮಲ್ಲನ್ನು ಹಿಂಡಿದರು. ಒದ್ದೆ. ಬಟ್ಟೆ ಮೆತ್ತಗಿದೆ ನಿಜ, ಆದರೆ ಮೊಲದ ಉಚ್ಚೆಯನ್ನೆಲ್ಲ ಕುಡಿದು ಕಾಲಿಗೇ ಅಂಟಿಸಿ ಇಟ್ಟುಕೊಂಡಿದೆ, ಅದರ ಮೇಲೆ ನೀವು ಬಿಸಿನೀರು ಬೇರೆ ಹಾಕಿದ್ದೀರಿ, ಚರ್ಮ ನೆನೆದು ಬಿಟ್ಟುಕೊಂಡಿದೆ ಎಂದರು. ನಾಯಿ ಬೆಕ್ಕುಗಳ ಹಾಗೆ ಮೊಲದ ಅಂಗಾಲಿಗೆ ಮೆತ್ತೆ ಇರುವುದಿಲ್ಲವಂತೆ. ಕೂದಲೇ ಅದರ ಚಪ್ಪಲಿ, ಅದು ಸವೆದರೆ ಬರಿಗಾಲು. ಉಗುರು ಉದ್ದ ಬೆಳೆದು ಭಾರವೆಲ್ಲ ಹಿಮ್ಮಡಿಗೆ ಬಿದ್ದಿದೆ ಎಂದು ಉಗುರು ಕತ್ತರಿಸಿದರು. ಒಣಹುಲ್ಲು ದಪ್ಪಗೆ ಹಾಸಬೇಕು, ತೇವ ಕೆಳಗಿಳಿದು ಹೋಗಬೇಕು. ಹುಣ್ಣು ಒರೆಸಿ ಮುಲಾಮು ಹಚ್ಚಿ ಹಗುರಾಗಿ ಕಟ್ಟು ಕಟ್ಟಬೇಕು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಕಟ್ಟು ಬದಲಿಸಬೇಕು, ನಡುವೆ ಒದ್ದೆಯಾದರೆ ಆಗಲೇ. ಒಂದು ಹೊತ್ತೂ ತಪ್ಪಬಾರದು. ಕೀವು ಮೂಳೆಗೆ ಇಳಿದರೆ ಆಮೇಲೆ ಸೂಜಿ ಹಾಕಿ ಶಾಶ್ವತವಾಗಿ ಮಲಗಿಸುವುದೇ ದಯೆ, ಈಗಲೇ ಹಾಗೆ ಮಾಡಿದರೂ ಯಾರೂ ನಿಮ್ಮನ್ನು ತಪ್ಪು ಅನ್ನುವುದಿಲ್ಲ ಎಂದು ಮೆಲ್ಲಗೆ ಸೇರಿಸಿದರು.

ಅಕ್ಕ ಕೇಳಿದಳು, "ಈಗ ಮೂಳೆಗೆ ಇಳಿದಿದ್ಯಾ?"

"ಇಲ್ಲ, ಇನ್ನೂ ಇಳಿದಿಲ್ಲ."

"ಹಾಗಾದ್ರೆ ಇಳಿಯದೇ ಇರೋದರ ಮಾತಾಡಿ ಡಾಕ್ಟರಮ್ಮ. ಕಟ್ಟು ಹೇಗೆ ಕಟ್ಟೋದು ತೋರಿಸಿ."

ಮನೆ ಹತ್ತಿರ ಬಂದ ಮೇಲೆ, ನಾನು ಕೈಯನ್ನು ಕೇಳಿದೆ ಕಣೇ, ಕಾಲನ್ನು ಕೇಳಲಿಲ್ಲ ಅಂದಳು. ನನಗೆ ಅಯ್ಯೋ ಅನ್ನಿಸಿತು. ಅಂದೇ ಹಾಲಿನವನ ಕೊಟ್ಟಿಗೆಯಿಂದ ಒಣಹುಲ್ಲು ತಂದು ಹಾಸಿದಳು. ಮನೆಯೆಲ್ಲ ಹುಲ್ಲಿನ ಕಡ್ಡಿ. ಅತ್ತೆ ಗೊಣಗಿದರು, ಗಂಡನ ಅನ್ನದಲ್ಲಿ ಒಂದು ಕಡ್ಡಿ ಸಿಕ್ಕಿತು, ಅವಳು ಕ್ಯಾರೇ ಅನ್ನಲಿಲ್ಲ.

ಬೆಳಗ್ಗೆ ಸಂಜೆಯ ಕಟ್ಟು ಸರಿ. ಮಧ್ಯಾಹ್ನದ್ದಕ್ಕೆ ಏನು ಮಾಡುವುದು? ಗಂಡ ಗಾಡಿಯಲ್ಲಿ. ಅತ್ತೆಗೆ ಕೈ ನಡುಕ, ಮೊಲ ಕೊಸರಿದರೆ ಇಬ್ಬರೂ ಬೀಳುತ್ತಾರೆ. ಊಟದ ಬಿಡುವಿನಲ್ಲಿ ಓಡಿ ಹೋದರೂ ಬರುವಷ್ಟರಲ್ಲಿ ಬಿಡುವು ಮುಗಿದಿರುತ್ತದೆ. ಅಕ್ಕ ಹೋಗಿ ಕಿರ್ರಣ್ಣನನ್ನು ಕೇಳಿದಳು. ಮಧ್ಯಾಹ್ನ ಅರ್ಧ ಗಂಟೆ ಬಿಡಿ, ಸಂಜೆ ಅಷ್ಟೇ ಹೊತ್ತು ಹೆಚ್ಚು ನಿಲ್ಲುತ್ತೇನೆ ಅಂದಳು. ಇಷ್ಟು ವರ್ಷದಲ್ಲಿ ಅವಳು ಅಂಗಡಿಯವರನ್ನು ಕೇಳಿದ ಮೊದಲ ಮಾತು ಅದು. ಕಿರ್ರಣ್ಣ ನಕ್ಕ. ಇವತ್ತು ಮೊಲಕ್ಕೆ ಬಿಟ್ಟರೆ ನಾಳೆ ಇನ್ನೊಬ್ಬಳು ಗಿಳಿಗೆ ಜ್ವರ ಅಂತಾಳೆ, ಇದು ಅಂಗಡಿಯಾ ಮೃಗಾಲಯವಾ ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ. ಕೆಲವರು ಹಲ್ಲು ಕಿರಿದರು. ಅವರು ಯಾರು ಯಾರು ಅಂತ ನನಗೆ ಇವತ್ತಿಗೂ ನೆನಪಿದೆ.

ಮರುದಿನ ಅಕ್ಕ ದೊರೆಯನ್ನು ಅಂಗಡಿಗೇ ತಂದಳು. ಪರದೆ ಕಂಬಿಗಳು ಬರುವ ದೊಡ್ಡ ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಹುಲ್ಲು ತುಂಬಿ, ಅದರಲ್ಲಿ ಕೂರಿಸಿ, ಕಟ್ಟೆಯ ಕೆಳಗೆ ತಳ್ಳಿದಳು. ತಲೆ ಕೆಟ್ಟಿದ್ಯಾ ನಿನಗೆ ಅಂದೆ. ಅವನು ನನ್ನನ್ನು ಬಿಡಲ್ಲ ಅಂದ, ಮೊಲ ಬರಬಾರದು ಅಂತ ಎಲ್ಲಿ ಅಂದ ಅಂತ ನನಗೇ ವಕೀಲಿಕೆ ಮಾಡಿದಳು.

ಊಟದ ಬಿಡುವಿನಲ್ಲಿ ಪೆಟ್ಟಿಗೆ ಹೊತ್ತುಕೊಂಡು ದಾಸ್ತಾನು ಕೋಣೆಗೆ ಹೋಗುತ್ತಿದ್ದೆವು. ಕಟ್ಟು ಕಟ್ಟುವುದಕ್ಕೆ ಕೂರಲೇಬೇಕು. ಮೊಲವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಒಬ್ಬರು ಬೆನ್ನು ಆನಿಸಿಕೊಂಡು ಕಟ್ಟು ಕಟ್ಟಬೇಕು, ಇನ್ನೊಬ್ಬರು ಕಾಲು ಹಿಡಿಯಬೇಕು. ಅಕ್ಕ ಬಟ್ಟೆ ಮೂಟೆಯ ಮೇಲೆ ಕೂರುತ್ತಿದ್ದಳು. ಅಂಗಡಿಯೊಳಗೆ ಅವಳು ಕೂತದ್ದನ್ನು ನಾನು ಮೊದಲು ನೋಡಿದ್ದು ಆಗಲೇ. ಮೊದಲ ದಿನ ಕೂತವಳು ಕಟ್ಟು ಮುಗಿದ ಮೇಲೂ ಸ್ವಲ್ಪ ಹೊತ್ತು ಏಳಲಿಲ್ಲ. ಕಾಲು ಏನೋ ಹೇಳ್ತಾ ಇದೆ ಕಣೇ ಅಂದಳು. ಏನಂತೆ ಅಂದೆ. ಬೈತಾ ಇದೆ ಅಂದಳು.

ದಿನಗಳು ಹೀಗೆ ಸಾಗಿದವು. ಎಡಗಾಲಿನ ಹುಣ್ಣು ಅಂಚಿನಿಂದ ಒಣಗಿ ಸಣ್ಣದಾಯಿತು. ದೊರೆ ಮೇವು ತಿನ್ನತೊಡಗಿತು. ಬಲಗಾಲು ಮಾತ್ರ ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ. ಅದರ ನಡುವಿನ ಕಪ್ಪು ಚುಕ್ಕೆಯನ್ನು ನೋಡಿ ಡಾಕ್ಟರಮ್ಮ, ಈ ವಾರ ಹುಷಾರು, ಇಲ್ಲಿ ತೇವ ನಿಂತರೆ ಕೀವು ಒಳಗೆ ಇಳಿಯುತ್ತದೆ, ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದಿದ್ದರು. ಅಕ್ಕ ಆ ಕಾಲನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದಳು.

ಆ ವಾರವೇ ರಿಯಾಯಿತಿ ಮಾರಾಟ ಬಂದು ಒಕ್ಕರಿಸಿತು. ಜನ ಅಂದರೆ ಜನ, ಕಾಲಿಡಲು ಜಾಗವಿಲ್ಲ. ಊಟಕ್ಕೆ ಬಿಡುವು ಇಲ್ಲ, ಪುರುಸೊತ್ತಾದಾಗ ಎರಡು ತುತ್ತು ತಿಂದು ಬನ್ನಿ ಎಂದು ಕಿರ್ರಣ್ಣ ಬೆಳಗ್ಗೆಯೇ ಸಾರಿದ. ದಾಸ್ತಾನು ಕೋಣೆಯಲ್ಲಿ ಹೊಸ ಮಾಲು ಬಾಗಿಲವರೆಗೆ ತುಂಬಿತ್ತು. ಮಧ್ಯಾಹ್ನವಾಯಿತು. ಅಕ್ಕ ಪರದೆ ಬಿಚ್ಚುತ್ತಾಳೆ, ಮಡಿಸುತ್ತಾಳೆ, ಬಗ್ಗಿ ಪೆಟ್ಟಿಗೆ ನೋಡುತ್ತಾಳೆ, ಮತ್ತೆ ಬಿಚ್ಚುತ್ತಾಳೆ. ಒಮ್ಮೆ ಬಗ್ಗಿದವಳು ಹಾಗೇ ನಿಂತುಬಿಟ್ಟಳು. ದೊರೆ ನೀರಿನ ಬಟ್ಟಲು ಮಗುಚಿಕೊಂಡಿತ್ತು. ಹುಲ್ಲು ಒದ್ದೆ, ಕಟ್ಟು ಒದ್ದೆ, ಅದರಲ್ಲೂ ಬಲಗಾಲಿನದು ತೊಯ್ದು ತೊಪ್ಪೆ.

ಅವಳು ನನ್ನ ಕಡೆ ನೋಡಿದಳು. ನಾನು ಬೇಡ ಅಂತ ತಲೆ ಅಲ್ಲಾಡಿಸಿದೆ. ಸಂಜೆವರೆಗೆ ತಡೆ ಅಂತ ಕೈಸನ್ನೆ ಮಾಡಿದೆ. ಅವಳು ಎದುರಿಗಿದ್ದ ಗಿರಾಕಿಗೆ ಏನೋ ಹೇಳಿ, ಪೆಟ್ಟಿಗೆಯನ್ನು ಹೊರಗೆಳೆದು, ಕಟ್ಟೆಯ ಹಿಂದೆಯೂ ಅಲ್ಲ, ಬೆಳಕು ಚೆನ್ನಾಗಿದೆ ಅಂತ ಕಟ್ಟೆಯ ಮುಂದೆ, ಜನ ಓಡಾಡುವ ನಡುದಾರಿಯಲ್ಲಿ, ಚಕ್ಕಳಮಕ್ಕಳ ಹಾಕಿ ಕೂತಳು. ಮೊಲವನ್ನು ತೊಡೆಗೆ ಹಾಕಿಕೊಂಡಳು. ಕಟ್ಟು ಬಿಚ್ಚಿದಳು.

ನಾನೇನು ಮಾಡಲಿ? ಗುಂಡಿ ಆರಿಸುತ್ತಿದ್ದ ಗಿರಾಕಿಗೆ ನೀವೇ ಆರಿಸಿಕೊಳ್ಳಿ ತಾಯಿ ಅಂತ ಹೇಳಿ ಓಡಿದೆ. ನಾನೂ ಪಕ್ಕದಲ್ಲಿ ಕೂತು ಕಾಲು ಹಿಡಿದೆ. ಸುತ್ತ ಜನ ನಿಂತರು. ಒಬ್ಬಾಕೆ ಇಶ್ಶಿ ಅಂದಳು. ಅಕ್ಕನ ಗಿರಾಕಿ, ಕನ್ನಡಕದ ಹೆಂಗಸು, ಆಕೆಗೆ ಇಶ್ಶಿ ಅನ್ನೋರು ಆ ಕಡೆ ಹೋಗಿ ಅಂತ ಗದರಿಸಿ, ತಾನೇ ಬಗ್ಗಿ ಹತ್ತಿಯ ಉಂಡೆ ಹಿಡಿದುಕೊಂಡಳು.

ಕಿರ್ ಕಿರ್ ಕೇಳಿಸಿತು. ಜನ ದಾರಿ ಬಿಟ್ಟರು. ನನ್ನ ಮೈಯೆಲ್ಲ ಏಳು ಏಳು ಅನ್ನುತ್ತಿತ್ತು. ಕೈಯಲ್ಲಿ ಮೊಲದ ಕಾಲು ಇತ್ತು, ಅದೊಂದೇ ನನ್ನನ್ನು ಕೂರಿಸಿತು.

"ಎದ್ದೇಳಮ್ಮ ಮೇಲೆ," ಅಂದ ಕಿರ್ರಣ್ಣ.

"ಕಟ್ಟು ಮುಗೀಲಿ."

"ಅಂಗಡಿ ಮಧ್ಯೆ ಕೂತಿದ್ದೀಯ, ಗೊತ್ತಾಗ್ತಾ ಇದ್ಯಾ ನಿನಗೆ? ಕೆಲಸ ಬೇಕೋ ಬೇಡ್ವೋ?"

ಅಕ್ಕ ತಲೆ ಎತ್ತಲಿಲ್ಲ. ಕಪ್ಪು ಚುಕ್ಕೆಯ ಸುತ್ತ ಒಣಬಟ್ಟೆ ಒತ್ತಿ ಒತ್ತಿ ತೇವ ತೆಗೆಯುತ್ತಿದ್ದಳು. "ಬೇಕು. ಕಟ್ಟು ಮುಗೀಲಿ," ಅಂದಳು.

ಅವನು ಇನ್ನೂ ಏನೇನೋ ಅಂದ. ಅವಳು ಮುಲಾಮು ಹಚ್ಚಿದಳು, ಹತ್ತಿ ಇಟ್ಟಳು, ಪಟ್ಟಿ ಸುತ್ತಿದಳು. ಬಿಗಿಯಾಯಿತು ಅನ್ನಿಸಿ ಬಿಚ್ಚಿ ಮತ್ತೆ ಸುತ್ತಿದಳು. ಅಷ್ಟು ಹೊತ್ತೂ ಕಿರ್ರಣ್ಣ ನಮ್ಮೆದುರು ನಿಂತೇ ಇದ್ದ. ನನಗೆ ಭಯದ ನಡುವೆಯೂ ಒಳಗೊಳಗೇ ಎಂಥ ಖುಷಿ!

ಎದ್ದ ಮೇಲೆ ಇಬ್ಬರನ್ನೂ ಯಜಮಾನರ ಕೋಣೆಗೆ ಕರೆಸಿದರು. ಕಾಲು ಹಿಡಿದ ತಪ್ಪಿಗೆ ನನಗೂ ಕರೆ. ಯಜಮಾನರು ವಯಸ್ಸಾದವರು, ಸಣ್ಣ ದನಿ. ದೊಡ್ಡ ಮೇಜು, ಎದುರಿಗೆ ಎರಡು ಕುರ್ಚಿ. ಆ ಕುರ್ಚಿಗಳು ಮಾಲು ತರುವ ವ್ಯಾಪಾರಿಗಳಿಗೆ. ಕೆಲಸದವರು ಅವುಗಳ ಹಿಂದೆ ಕೈಕಟ್ಟಿ ನಿಲ್ಲುವುದು ವಾಡಿಕೆ, ಯಾರೂ ಹೇಳಿಕೊಡಬೇಕಿಲ್ಲ. ನಾನು ಹಾಗೇ ಹೋಗಿ ನಿಂತೆ. ಕಿರ್ರಣ್ಣ ಬಾಗಿಲ ಹತ್ತಿರ ನಿಂತ. ಅಕ್ಕ ಪೆಟ್ಟಿಗೆಯನ್ನು ಮೇಜಿನ ಪಕ್ಕ ಇಳಿಸಿ, ಕುರ್ಚಿ ಎಳೆದು, ಕೂತಳು. ಆಮೇಲೆ ನನ್ನ ಕಡೆ ತಿರುಗಿ, ನೀನೂ ಕೂತ್ಕೊಳೇ ಅಂದಳು.

ಕೂತೆ. ಕೂತೆ ಅಂತ ಈಗ ಸಲೀಸಾಗಿ ಹೇಳುತ್ತೇನೆ, ಆಗ ಕುರ್ಚಿಯ ಅಂಚಿಗೆ ಅರ್ಧವೇ ತಾಗಿದ್ದೆ.

ಯಜಮಾನರು, ಇಷ್ಟು ವರ್ಷ ಒಂದು ಮಾತು ಬಾರದ ಹಾಗೆ ಕೆಲಸ ಮಾಡಿದವಳು ನೀನು, ನಿನ್ನ ಮೇಲೆ ದೂರು ಬಂದದ್ದೇ ನನಗೆ ಆಶ್ಚರ್ಯ ಎಂದು ಶುರುಮಾಡಿದರು. ಅಂಗಡಿಗೆ ಒಂದು ಶಿಸ್ತು ಇದೆ, ಅದನ್ನು ನಿನ್ನನ್ನು ನೋಡಿಯೇ ಉಳಿದವರು ಕಲಿತಿದ್ದಾರೆ ಎಂದರು. ಆ ಮಾತಿಗೆ ಅಕ್ಕನ ಮುಖ ಬಾಡಿತು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಆಮೇಲೆ ಅವರು ಬಗ್ಗಿ ಪೆಟ್ಟಿಗೆಯೊಳಗೆ ನೋಡಿ ಕೇಳಿದರು.

"ಇಷ್ಟೆಲ್ಲ ಒಂದು ಮೊಲಕ್ಕೋಸ್ಕರಾನಾ?"

"ಹೌದು, ಮೊಲಕ್ಕೇ," ಅಂದಳು ಅಕ್ಕ. "ಮಧ್ಯಾಹ್ನ ಅರ್ಧ ಗಂಟೆ ಬೇಕು. ಅದರ ಕಾಲು ವಾಸಿಯಾಗೋವರೆಗೆ. ಕೊಡದಿದ್ರೆ ನಾಳೆನೂ ಅಲ್ಲೇ ಕೂರ್ತೀನಿ, ನಾಡಿದ್ದೂ ಅಲ್ಲೇ ಕೂರ್ತೀನಿ. ನನಗೆ ಅಂತ ಕೇಳೋಕೆ ಇಷ್ಟು ವರ್ಷ ಬಾಯಿ ಬರಲಿಲ್ಲ ಸ್ವಾಮಿ. ಅದಕ್ಕೆ ಅಂದಾಗ ಬಂತು."

ಹೇಳಿ ಮುಗಿಸಿದ ಮೇಲೆ ಅವಳಿಗೆ ಅಳು ಬಂದಿತ್ತು, ಅಳಲಿಲ್ಲ. ನಾನು ಅತ್ತುಬಿಟ್ಟೆ. ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ಸರಿದು ಕೂತು, ಸರಿಯಾಗಿ ಅತ್ತೆ.

ಯಜಮಾನರು ಅರ್ಧ ಗಂಟೆ ಕೊಟ್ಟರು. ಮೊಲ ಮತ್ತೆ ಅಂಗಡಿಗೆ ಬರಬಾರದು, ನೀನೇ ಮನೆಗೆ ಹೋಗಿ ಬಾ ಎಂದರು. ಕೂರುವ ವಿಷಯ ಅವರೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಅಂಗಡಿಗೆ ಹೊಸ ಕುರ್ಚಿ ಗಿರ್ಚಿ ಏನೂ ಬರಲಿಲ್ಲ, ಕಥೆಯಲ್ಲಿ ಮಾತ್ರ ಬರುತ್ತವೆ ಅವೆಲ್ಲ.

ಬಲಗಾಲಿನ ಕಪ್ಪು ಚುಕ್ಕೆ ಮೂಳೆಗೆ ಇಳಿಯಲಿಲ್ಲ. ಮೊದಲು ಹಕ್ಕಳೆ ಕಟ್ಟಿತು, ಅದು ಉದುರಿ ಕೆಳಗೆ ತೆಳ್ಳಗಿನ ಹೊಸ ಚರ್ಮ ಬಂತು. ಡಾಕ್ಟರಮ್ಮ ಅಲ್ಲಿ ಕೂದಲು ಮೊದಲಿನ ಹಾಗೆ ಬರಲಿಕ್ಕಿಲ್ಲ, ಹುಲ್ಲಿನ ಹಾಸಿಗೆ ಜನ್ಮಪೂರ್ತಿ ಬೇಕು ಎಂದರು. ಬೇಕು ಅಂದ್ರೆ ಹಾಕೋಣ ಅಂದಳು ಅಕ್ಕ. ಈಗ ಅತ್ತೆಯೇ ಹಾಲಿನವನಿಗೆ ಹುಲ್ಲು ಸರಿಯಾಗಿ ಒಣಗಿಲ್ಲ ಅಂತ ಜಗಳ ಆಡುತ್ತಾರೆ. ದೊರೆ ಎರಡೂ ಹಿಂಗಾಲು ಊರಿ ನಿಂತು, ಮೇವು ಹಾಕುವುದು ತಡವಾದರೆ ನೆಲ ದಬದಬ ಒದೆಯುತ್ತದೆ.

ಅಂಗಡಿಯಲ್ಲಿ ಅಕ್ಕನ ಕಟ್ಟೆಯ ಹಿಂದೆ ಈಗ ಒಂದು ಬಟ್ಟೆ ಮೂಟೆ ಇದೆ. ಅದನ್ನು ಯಾರೂ ಬಿಚ್ಚಿ ಮಾರಿಲ್ಲ, ಮಾರುವುದೂ ಇಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವಳು ಅದರ ಮೇಲೆ ಕೂರುತ್ತಾಳೆ, ಎಲ್ಲರಿಗೂ ಕಾಣುವ ಹಾಗೆ, ಕಾಲು ಚಾಚಿಕೊಂಡು. ನನ್ನ ಗುಂಡಿ ಕಟ್ಟೆಯ ಹಿಂದೆಯೂ ಒಂದು ಇದೆ. ಕಿರ್ರಣ್ಣನ ಬೂಟಿನ ಸದ್ದಿಗೆ ಅಕ್ಕ ಏಳುವುದಿಲ್ಲ. ಗಿರಾಕಿ ಬಂದರೆ ಏಳುತ್ತಾಳೆ.